ಎಂಟು ಕೆಜಿಯ ಕತ್ತಿ, ಓಡಲಾಗದ ಯೋಧ: ನಮ್ಮ ಗೇಮ್‌ನ ಆಯುಧ, ಕವಚ ಎಷ್ಟು ನಿಜವಾಗಿರಬೇಕು?

ಅಲಗು_ಅಂಚು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇಬ್ಬರು ಗೆಳೆಯರ ಜೊತೆ ಸೇರಿ ಒಂದು ಸಣ್ಣ ಫ್ಯಾಂಟಸಿ ಗೇಮ್ ಮಾಡುತ್ತಿದ್ದೇನೆ. ಕಥೆ ಒಬ್ಬರದು, ಚಿತ್ರ ಇನ್ನೊಬ್ಬರದು. ಕಾಳಗದ ಭಾಗ ಪೂರ್ತಿ ನನ್ನ ತಲೆಗೆ ಬಿದ್ದಿದೆ.

ಈಗ ಇರುವುದು ಹೀಗೆ. ಕವಚದಲ್ಲಿ ಮೂರು ಬಗೆ. ಚರ್ಮದ್ದು ಏಟನ್ನು ಶೇಕಡ 10ರಷ್ಟು ತಗ್ಗಿಸುತ್ತದೆ, ಸರಪಳಿಯದ್ದು 25, ಉಕ್ಕಿನ ತಗಡಿನದ್ದು 50. ತಗಡಿನ ಕವಚ ತೊಟ್ಟವನು ಓಡುವಂತಿಲ್ಲ, ಉರುಳುವಂತಿಲ್ಲ, ಬಿದ್ದರೆ ಏಳಲು ನಾಲ್ಕು ಸೆಕೆಂಡು ಬೇಕು. ಎರಡು ಕೈಯಲ್ಲಿ ಹಿಡಿಯುವ ಕತ್ತಿಗೆ 8 ಕೆಜಿ ತೂಕ ಕೊಟ್ಟಿದ್ದೇನೆ. ಬೇರೆ ಗೇಮ್‌ಗಳನ್ನು ನೋಡಿಯೇ ಇದನ್ನೆಲ್ಲ ಇಟ್ಟಿದ್ದು. ಸ್ಕೈರಿಮ್‌ನಲ್ಲಿ ಕಬ್ಬಿಣದ ದೊಡ್ಡ ಕತ್ತಿಯ ತೂಕ 16 ಅಂತಲೇ ಬರುತ್ತದೆ, ಅಲ್ವಾ.

ಕಳೆದ ವಾರ ಒಬ್ಬರು ಆಡಿ ನೋಡಲು ಬಂದಿದ್ದರು. ಅರ್ಧ ಗಂಟೆ ಆಡಿ, ಕಂಟ್ರೋಲರ್ ಕೆಳಗಿಟ್ಟು ಕೇಳಿದರು: "ಇವನ ಮೈತುಂಬ ಉಕ್ಕಿದೆ. ನಾನು ಕತ್ತಿಯಲ್ಲಿ ಎದೆಗೆ ಹನ್ನೆರಡು ಸಲ ಹೊಡೆದೆ, ಸತ್ತ. ಹನ್ನೊಂದನೇ ಏಟಿನ ತನಕ ಅವನಿಗೆ ಏನಾಗುತ್ತಿತ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಅದೇ ತಲೆ ಕೊರೆಯುತ್ತಿದೆ. ನಮ್ಮ ಲೋಕದಲ್ಲಿ ಡ್ರ್ಯಾಗನ್ ಇದೆ, ಮಂತ್ರ ಇದೆ. ಎಲ್ಲವೂ ನಿಜದಂತೆ ಇರಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ ಕತ್ತಿ ಕತ್ತಿಯಂತೆ ಇರಬೇಕು ಅನ್ನುವ ಆಸೆ ಇದೆ. ಎಲ್ಲಿಂದ ಶುರು ಮಾಡಲಿ? ನಿಜವಾದ ಆಯುಧ ಹಿಡಿದವರು, ಕವಚ ತೊಟ್ಟವರು ಇದ್ದರೆ ದಯವಿಟ್ಟು ಹೇಳಿ.

ಮೊನೆಗಾರ ಬರೆದದ್ದು:

ನಿಮಗೆ ಸಿಕ್ಕಿದ ಪ್ರಶ್ನೆ ತುಂಬಾ ಒಳ್ಳೆಯದು. ಅದನ್ನು ಬಿಡಬೇಡಿ. ನಾನು ಆರು ವರ್ಷದಿಂದ ಹಳೆಯ ಯುರೋಪಿನ ಕತ್ತಿವರಸೆ ಕಲಿಯುತ್ತಿದ್ದೇನೆ. 15ನೇ ಶತಮಾನದ ಕೈಪಿಡಿಗಳ ಚಿತ್ರ ನೋಡಿಕೊಂಡು ಮಾಡುವ ಅಭ್ಯಾಸ. ಹಾಗಾಗಿ ಕೈಗೆ ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ತೂಕ. 8 ಕೆಜಿಯನ್ನು ಇವತ್ತೇ ಅಳಿಸಿ. ಒಂದು ಕೈಯ ಕತ್ತಿ ಸುಮಾರು 1ರಿಂದ 1.3 ಕೆಜಿ. ಎರಡು ಕೈಯ ಉದ್ದ ಕತ್ತಿ ಹೆಚ್ಚೂಕಡಿಮೆ ಒಂದೂವರೆ ಕೆಜಿ. ಆಳೆತ್ತರದ ದೊಡ್ಡ ಕತ್ತಿಗಳು ಕೂಡ ಸಾಮಾನ್ಯವಾಗಿ 2ರಿಂದ 3.5 ಕೆಜಿ ಒಳಗೇ ಇದ್ದವು. ನಾನು ಅಭ್ಯಾಸಕ್ಕೆ ಬಳಸುವುದು ಒಂದೂವರೆ ಕೆಜಿಯದು. ಮೊದಲ ದಿನ ಕೈಗೆತ್ತಿಕೊಂಡಾಗ ಇಷ್ಟೇನಾ ಅನ್ನಿಸಿತ್ತು. ಹತ್ತು ನಿಮಿಷ ಭುಜದ ಎತ್ತರಕ್ಕೆ ಹಿಡಿದು ನಿಂತ ಮೇಲೆ ಹಾಗನ್ನಿಸಲಿಲ್ಲ. ತೋಳು ನಡುಗುತ್ತಿತ್ತು. ಕತ್ತಿ ಹಗುರವಾಗಿಯೇ ಇರಬೇಕು, ಯಾಕೆಂದರೆ ಬೀಸುವುದಕ್ಕಿಂತ ನಿಲ್ಲಿಸುವುದು ಕಷ್ಟ. ಬೀಸಿದ ಕತ್ತಿಯನ್ನು ನಿಲ್ಲಿಸಿ ತಕ್ಷಣ ಇನ್ನೊಂದು ಕಡೆ ತಿರುಗಿಸಲಾಗದಿದ್ದರೆ ಎದುರಿನವನು ಅಷ್ಟರಲ್ಲಿ ಒಳಗೆ ನುಗ್ಗಿರುತ್ತಾನೆ.

ಈಗ ಕವಚ. ಎರಡು ವರ್ಷದ ಹಿಂದೆ ಒಬ್ಬ ಗೆಳೆಯರ ತಗಡಿನ ಕವಚವನ್ನು ಒಂದು ಮಧ್ಯಾಹ್ನ ಪೂರ್ತಿ ತೊಟ್ಟಿದ್ದೆ. ಒಟ್ಟು 24 ಕೆಜಿ. ಕಾಳಗಕ್ಕೆ ತೊಡುತ್ತಿದ್ದ ಹಳೆಯ ಕವಚಗಳೂ ಸುಮಾರಾಗಿ ಅಷ್ಟೇ, 20ರಿಂದ 25 ಕೆಜಿ. ತೊಡಿಸಲು ಅವರಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಕಾಲಿನಿಂದ ಶುರು. ತೊಡೆಯ ತಗಡಿನ ಮೇಲಂಚಿನಿಂದ ಬರುವ ಲಾಡಿಗಳನ್ನು ಒಳಗಿನ ದಪ್ಪ ಅಂಗಿಯ ತೂತುಗಳಿಗೆ ಪೋಣಿಸಿ ಕಟ್ಟುತ್ತಾರೆ. ತೋಳಿಗೂ ಹಾಗೆಯೇ. ಒಂದು ಲಾಡಿ ಸಡಿಲ ಇದ್ದರೆ ಆ ಕಾಲಿನ ಭಾರ ಪೂರ್ತಿ ಮೊಣಕಾಲಿಗೆ ಇಳಿಯುತ್ತದೆ. ಸರಿಯಾಗಿ ಕಟ್ಟಿದರೆ ಭಾರ ಮೈತುಂಬ ಹಂಚಿಹೋಗುತ್ತದೆ.

ಕಟ್ಟಿ ಮುಗಿದ ಮೇಲೆ ಓಡಿದೆ. ಕುಕ್ಕರುಗಾಲಲ್ಲಿ ಕೂತೆ. ಬೆನ್ನ ಮೇಲೆ ಮಲಗಿ, ಪಕ್ಕಕ್ಕೆ ಹೊರಳಿ ಎದ್ದೆ. ಯಾರೂ ಕೈ ಕೊಡಬೇಕಾಗಲಿಲ್ಲ. ಫ್ರಾನ್ಸಿನ ಸೇನಾನಿ ಬೂಸಿಕೋ ಶಿರಸ್ತ್ರಾಣ ಒಂದು ಬಿಟ್ಟು ಪೂರ್ತಿ ಕವಚದಲ್ಲಿ ಲಾಗ ಹಾಕುತ್ತಿದ್ದ ಅಂತ ಅವನ ಕಾಲದಲ್ಲೇ ಬರೆದಿಟ್ಟಿದ್ದಾರೆ. ಹಾಗಾಗಿ ನಿಮ್ಮ ನಾಲ್ಕು ಸೆಕೆಂಡನ್ನು ತೆಗೆಯಿರಿ.

ನನ್ನನ್ನು ಸೋಲಿಸಿದ್ದು ಉಸಿರು. ಮುಖದ ಮುಚ್ಚಳ ಇಳಿಸಿದ ಕೂಡಲೇ ಲೋಕ ಒಂದು ಬೆರಳಗಲದ ಸೀಳಾಯಿತು. ಪಾದ ಕಾಣಿಸುವುದಿಲ್ಲ. ಬಿಟ್ಟ ಬಿಸಿಯುಸಿರು ಮತ್ತೆ ಮುಖಕ್ಕೇ ಬಡಿಯುತ್ತದೆ. ಮೂರು ನಿಮಿಷ ಗೆಳೆಯರ ಜೊತೆ ಸೆಣಸಿದ ಮೇಲೆ ಕೈ ತಾನಾಗಿಯೇ ಮುಚ್ಚಳದ ಕಡೆ ಹೋಯಿತು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕವಚ ತೊಟ್ಟವರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡಿದ್ದರು. ನಡೆಯಲು ಬೇಕಾದ ಶಕ್ತಿ ಎರಡು ಪಟ್ಟಿಗಿಂತ ಜಾಸ್ತಿ ಆಗಿತ್ತು. ಕಾಲಿಗೆ ಕಟ್ಟಿದ ಉಕ್ಕನ್ನು ಪ್ರತಿ ಹೆಜ್ಜೆಗೂ ಎತ್ತಬೇಕಲ್ಲ. ನಿಮ್ಮ ಗೇಮ್‌ನಲ್ಲಿ ಕವಚದವನ ವೇಗ ಕಡಿಮೆ ಮಾಡಬೇಡಿ. ಸ್ಟ್ಯಾಮಿನಾ ಬೇಗ ಇಳಿಯಲಿ, ನಿಧಾನವಾಗಿ ತುಂಬಲಿ.

ಹನ್ನೆರಡು ಏಟಿನ ಪ್ರಶ್ನೆಗೆ ಬರುತ್ತೇನೆ. ಎದೆಯ ತಗಡಿನ ಮೇಲೆ ಕತ್ತಿಯ ಅಲಗಿನಿಂದ ಹನ್ನೆರಡಲ್ಲ, ನೂರು ಸಲ ಹೊಡೆದರೂ ಒಳಗಿನವನಿಗೆ ಹೆಚ್ಚೇನೂ ಆಗುವುದಿಲ್ಲ. ತಗಡು ಬಾಗಿರುತ್ತದೆ, ಏಟು ಜಾರುತ್ತದೆ. ಕವಚ ಅಂದರೆ ಶೇಕಡ ಲೆಕ್ಕವಲ್ಲ, ಎಲ್ಲಿ ಹೊಡೆಯಬಹುದು ಅನ್ನುವ ನಕ್ಷೆ. ಕಂಕುಳು, ಮೊಣಕೈ ಒಳಭಾಗ, ಮಂಡಿಯ ಹಿಂದೆ, ಅಂಗೈ, ತೊಡೆಸಂದು, ಮುಖ. ಕೈಪಿಡಿಗಳಲ್ಲಿ ಕವಚದವರ ಕಾಳಗ ನೋಡಿ. ಕತ್ತಿ ಬೀಸುವವರು ಕಡಿಮೆ. ಎಡಗೈಯಲ್ಲಿ ಅಲಗಿನ ನಡುಭಾಗವನ್ನೇ ಹಿಡಿದು, ಕತ್ತಿಯನ್ನು ಗಿಡ್ಡ ಈಟಿಯಂತೆ ಮಾಡಿಕೊಂಡು ಸಂದು ಹುಡುಕುತ್ತಾರೆ. ಇಲ್ಲವಾದರೆ ಎರಡೂ ಕೈಯಲ್ಲಿ ಅಲಗನ್ನೇ ಹಿಡಿದು ಹಿಡಿಯ ಕಡೆಯಿಂದ ಸುತ್ತಿಗೆಯಂತೆ ತಲೆಗೆ ಬಾರಿಸುತ್ತಾರೆ. ಅಲಗನ್ನು ಬಿಗಿಯಾಗಿ ಅದುಮಿ ಹಿಡಿದರೆ, ಅಂಗೈಯಲ್ಲಿ ಜಾರದಿದ್ದರೆ ಕೊಯ್ಯುವುದಿಲ್ಲ. ಒಂದು ಬಟನ್‌ಗೆ ಈ ಹಿಡಿತ ಕೊಡಿ. ಕಾಳಗವೇ ಬದಲಾಗುತ್ತದೆ.

ಇನ್ನೊಂದು ಮಾತು. ನಾಯಕನಿಗೆ ಶಿರಸ್ತ್ರಾಣ ಹಾಕಿ. ಮುಖ ಕಾಣಲಿ ಅಂತ ಎಲ್ಲರೂ ತೆಗೆಯುತ್ತಾರೆ. ಇಂಗ್ಲೆಂಡಿನ ರಾಜ ಮೂರನೇ ರಿಚರ್ಡ್ 1485ರಲ್ಲಿ ಕಾಳಗದಲ್ಲಿ ಸತ್ತವನು. ಅವನ ಮೂಳೆಗಳು 2012ರಲ್ಲಿ ಸಿಕ್ಕವು. ಸಾಯುವ ಹೊತ್ತಿನ 11 ಗಾಯಗಳ ಗುರುತಿನಲ್ಲಿ 9 ತಲೆಬುರುಡೆಯಲ್ಲೇ ಇದ್ದವು. ಕೈ, ತೋಳಿನಲ್ಲಿ ಅಂಥ ಗಾಯ ಇರಲಿಲ್ಲ. ಮೈಮೇಲೆ ಕವಚ ಇತ್ತು, ತಲೆಯ ಮೇಲೆ ಇರಲಿಲ್ಲ ಅಂತ ಪರೀಕ್ಷಿಸಿದವರು ಹೇಳಿದರು.

ಮೂರನೇ_ಸುತ್ತು ಬರೆದದ್ದು:

ನಾನು ಬರೀ ಆಡುವವನು. ಮೊನೆಗಾರ ಅವರ ಮಾತು ಓದಿ ಖುಷಿಯಾಯಿತು, ಆದರೂ ಒಂದು ಹೆದರಿಕೆ ಹೇಳಲೇಬೇಕು. ಕೆಲಸ ಮುಗಿಸಿ ರಾತ್ರಿ ಒಂದು ಗಂಟೆ ಆಡುತ್ತೇನೆ. ಆಗ ಲಾಡಿ ಕಟ್ಟುವುದು, ಕಂಕುಳು ಹುಡುಕುವುದು ಅಂದರೆ ಕೈ ಸೋಲುತ್ತದೆ. ದೊಡ್ಡ ಕತ್ತಿಯನ್ನು ಬೀಸಿ ಮೂವರನ್ನು ಒಟ್ಟಿಗೆ ಕೆಡವುವ ಸುಖ ನನಗೆ ಬೇಕು. ಡ್ರ್ಯಾಗನ್ನಿನ ಮೇಲೆ ಬೀಸುವ ಕತ್ತಿ ಒಂದೂವರೆ ಕೆಜಿ ಅಂದರೆ ಮನಸ್ಸು ಒಪ್ಪುವುದಿಲ್ಲ.

ಒಂದು ಮಾತ್ರ ಕೇಳಿಕೊಳ್ಳುತ್ತೇನೆ. ನಿಯಮ ಏನೇ ಇರಲಿ, ಎಲ್ಲರಿಗೂ ಒಂದೇ ಇರಲಿ. ನನ್ನ ಕವಚ ಬಾಣ ತಡೆಯುವುದಿಲ್ಲ, ಅದೇ ಕವಚ ತೊಟ್ಟ ಬಾಸ್‌ಗೆ (ಹಂತದ ಕೊನೆಯ ದೊಡ್ಡ ಎದುರಾಳಿಗೆ) ಮಾತ್ರ ಬಾಣ ತಾಗುವುದೇ ಇಲ್ಲ ಅಂದರೆ ನಾನು ಆ ಕ್ಷಣ ಗೇಮ್ ಮುಚ್ಚುತ್ತೇನೆ.

ಕೀಲು_ಮೊಳೆ ಬರೆದದ್ದು:

ನಾನು ಗೇಮ್‌ಗಳಿಗೆ ಪಾತ್ರಗಳ ತ್ರೀಡಿ ಮಾಡೆಲ್ ಮಾಡುವವಳು. ಮೂರನೇ_ಸುತ್ತು ಅವರೇ, ನಿಮ್ಮ ಸುಖಕ್ಕೂ ಮೊನೆಗಾರ ಅವರ ಮಾತಿಗೂ ಜಗಳ ಇಲ್ಲ ಅಂತ ನನ್ನ ಕೆಲಸದಿಂದಲೇ ಹೇಳಬಲ್ಲೆ.

ಹಿಂದೆ ಒಂದು ಯೋಜನೆಯಲ್ಲಿ ಒಬ್ಬ ಯೋಧನ ಭುಜಕ್ಕೆ ದೊಡ್ಡ ಬೋಗುಣಿಯಂಥ ಒಂದೇ ತಗಡು ಕೊಟ್ಟಿದ್ದೆವು. ನಿಂತಾಗ ಬಹಳ ಚೆನ್ನಾಗಿತ್ತು. ಕೈ ಮೇಲೆತ್ತಿದ ಕೂಡಲೇ ತಗಡು ಕಿವಿಯೊಳಗೆ ಹೋಗುತ್ತಿತ್ತು. ಎರಡು ವಾರ ರಿಗ್ ತಿದ್ದಿದೆ, ಅಂದರೆ ಮಾಡೆಲ್ ಅನ್ನು ಅಲುಗಾಡಿಸುವ ಒಳಗಿನ ಮೂಳೆಗಳ ಚೌಕಟ್ಟನ್ನು. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಚುಚ್ಚುತ್ತಿತ್ತು. ಕೊನೆಗೆ ಮ್ಯೂಸಿಯಂಗಳ ಫೋಟೋ ತೆಗೆದು ಕೂತೆ. ನಿಜವಾದ ಭುಜಗವಚ ಒಂದು ತಗಡಲ್ಲ. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತ ನಾಲ್ಕೈದು ಪಟ್ಟಿಗಳು. ಕೆಲವನ್ನು ಒಳಗಡೆ ಚರ್ಮದ ಪಟ್ಟಿ ಹಿಡಿದಿರುತ್ತದೆ. ಇನ್ನು ಕೆಲವು ಕಡೆ ಮೊಳೆಯ ತೂತು ಉರುಟಾಗಿರುವುದಿಲ್ಲ, ಉದ್ದನೆಯ ಸೀಳಾಗಿರುತ್ತದೆ. ಕೈ ಎತ್ತಿದಾಗ ಮೊಳೆ ಆ ಸೀಳಿನಲ್ಲಿ ಜಾರುತ್ತದೆ, ಪಟ್ಟಿಗಳು ಒಂದರೊಳಗೊಂದು ಸರಿಯುತ್ತವೆ.

ಅದನ್ನೇ ಮಾಡಿದೆ. ಪ್ರತಿ ಪಟ್ಟಿಗೆ ಒಂದು ಮೂಳೆ, ಪ್ರತಿ ಮೂಳೆಗೆ ಇಷ್ಟೇ ಜಾರಬೇಕು ಅನ್ನುವ ಮಿತಿ. ಎರಡು ವಾರದ ತಲೆನೋವು ಒಂದು ಸಂಜೆಗೆ ಹೋಯಿತು. ಪರದೆಯ ಮೇಲೆ ಅವನು ನಿಧಾನಕ್ಕೆ ಕೈ ಎತ್ತಿದಾಗ ಪಟ್ಟಿಗಳು ಸರಸರ ಮಡಚಿಕೊಂಡದ್ದು ನೋಡಿ ಕಣ್ಣು ತುಂಬಿತ್ತು. ಐನೂರು ವರ್ಷದ ಹಿಂದೆ ಯಾರೋ ಸುತ್ತಿಗೆ ಹಿಡಿದು ಬಿಡಿಸಿದ್ದ ಗಂಟು ಅದು. ಅವರ ಉತ್ತರ ನನ್ನ ಸಾಫ್ಟ್‌ವೇರ್‌ನಲ್ಲೂ ಸರಿಹೋಯಿತು.

ಆಡುವವರಿಗೆ ಇದೆಲ್ಲ ಗೊತ್ತಾಗಬೇಕಿಲ್ಲ. ಚಲನೆ ಸರಿ ಇದ್ದರೆ ಮೈ ನಂಬುತ್ತದೆ. ಅದೇ ಕಾರಣಕ್ಕೆ ಬೆನ್ನಿಗೆ ಉದ್ದ ಕತ್ತಿ ಕಟ್ಟುವುದು ನನಗೆ ಹಿಡಿಸುವುದಿಲ್ಲ. ಅಲಗು ತೋಳಿಗಿಂತ ಉದ್ದ ಇದ್ದರೆ ಒರೆಯಿಂದ ಪೂರ್ತಿ ಹೊರಗೆ ಬರುವುದೇ ಇಲ್ಲ, ಅನಿಮೇಷನ್‌ನಲ್ಲಿ ಮೋಸ ಮಾಡಲೇಬೇಕು. ಹೆಣ್ಣು ಯೋಧರಿಗೆ ಎರಡು ಉಬ್ಬಿನ ಎದೆಗವಚವೂ ಬೇಡ. ಎರಡು ಉಬ್ಬಿನ ನಡುವಿನ ತಗ್ಗು ಈಟಿಯ ಮೊನೆಯನ್ನು ಸೀದಾ ಎದೆಮೂಳೆಗೆ ಕರೆದುಕೊಂಡು ಹೋಗುತ್ತದೆ. ಕವಚದ ಆಕಾರ ಇರುವುದೇ ಮೊನೆಯನ್ನು ಹೊರಗಡೆ ಜಾರಿಸಲು. ಇದರ ಬಗ್ಗೆ ನಾನು ಪ್ರತಿ ಮೀಟಿಂಗ್‌ನಲ್ಲೂ ವಾದ ಮಾಡುತ್ತೇನೆ, ಮುಂದೆಯೂ ಮಾಡುತ್ತೇನೆ.

ಹೆದೆ ಬರೆದದ್ದು:

ಬಿಲ್ಲನ್ನು ಎಲ್ಲರೂ ಮರೆತಿರಿ. ಗೇಮ್‌ಗಳಲ್ಲಿ ತೋಳ್ಬಲ ಇಲ್ಲದ ಪಾತ್ರಕ್ಕೆ ಬಿಲ್ಲು ಕೊಡುತ್ತಾರೆ. ಮೇರಿ ರೋಸ್ ಅನ್ನುವ ಇಂಗ್ಲಿಷ್ ಹಡಗು 1545ರಲ್ಲಿ ಮುಳುಗಿತು, 1982ರಲ್ಲಿ ಅದನ್ನು ಮೇಲೆತ್ತಿದರು. ಅದರಲ್ಲಿ ನೂರಕ್ಕೂ ಜಾಸ್ತಿ ಬಿಲ್ಲುಗಳು ಸಿಕ್ಕವು. ಹೆಚ್ಚಿನವನ್ನು ಎಳೆಯಲು 100 ಪೌಂಡಿಗಿಂತ ಜಾಸ್ತಿ ಬಲ ಬೇಕಿತ್ತು ಅಂತ ಲೆಕ್ಕ ಹಾಕಿದ್ದಾರೆ. ನಾನು ಎಳೆಯುವುದು 45 ಪೌಂಡಿನದು. ಪೂರ್ತಿ ಎಳೆದು ಹಿಡಿದರೆ ಕೆಲವೇ ಸೆಕೆಂಡಿಗೆ ಬೆನ್ನು ಉರಿಯಲು ಶುರುವಾಗುತ್ತದೆ. ಎಳೆದುಕೊಂಡೇ ಗುರಿ ಹುಡುಕುತ್ತಾ ನಡೆಯುವುದನ್ನು ದಯವಿಟ್ಟು ತೆಗೆಯಿರಿ.

ಅಲಗು_ಅಂಚು ಬರೆದದ್ದು:

ಎಲ್ಲರಿಗೂ ಮನಸಾರೆ ಧನ್ಯವಾದ. ಮೂರು ರಾತ್ರಿ ಕೂತು ಒಂದೇ ಒಂದು ಎದುರಾಳಿಯನ್ನು ಬದಲಾಯಿಸಿದೆ, ಅದೇ ಮೈತುಂಬ ಉಕ್ಕಿನವನನ್ನು.

ಶೇಕಡ ಲೆಕ್ಕ ತೆಗೆದುಹಾಕಿದೆ. ತಗಡಿಗೆ ಅಲಗು ಬಿದ್ದರೆ ಠಣ್ ಅಂತ ಜಾರುತ್ತದೆ, ಅಷ್ಟೇ. ಆರು ಸಂದುಗಳಿಗೆ ಬೇರೆ ಹಿಟ್‌ಬಾಕ್ಸ್ (ಏಟು ಬಿತ್ತು ಅಂತ ಗೇಮ್ ಲೆಕ್ಕ ಹಿಡಿಯುವ ಜಾಗ) ಇಟ್ಟೆ. ಅವನು ಈಗ ಓಡುತ್ತಾನೆ, ಬಿದ್ದರೆ ಏಳುತ್ತಾನೆ. ಸ್ಟ್ಯಾಮಿನಾ ಮುಗಿದಾಗ ಎರಡು ಹೆಜ್ಜೆ ಹಿಂದೆ ಸರಿದು, ಉಸಿರಾಡಲು ಮುಖದ ಮುಚ್ಚಳ ಎತ್ತುತ್ತಾನೆ. ಅದು ಮೊನೆಗಾರ ಅವರ ಮೂರು ನಿಮಿಷದ ಅನುಭವದಿಂದ ಬಂದದ್ದು. ಮೂರನೇ_ಸುತ್ತು ಅವರಿಗಾಗಿ ಒಂದು ವಿಷಯ: ಆಡುವವರ ಶಿರಸ್ತ್ರಾಣಕ್ಕೂ ಅದೇ ನಿಯಮ. ಮುಚ್ಚಳ ಇಳಿಸಿದರೆ ಪರದೆಯೂ ಸೀಳಾಗುತ್ತದೆ. ಮೂವರನ್ನು ಒಟ್ಟಿಗೆ ಕೆಡವುವ ಬೀಸು ಹಾಗೇ ಇದೆ, ಆದರೆ ಕವಚ ಇಲ್ಲದವರ ಮೇಲೆ ಮಾತ್ರ.

ನಿನ್ನೆ ಮೊದಲು ಆಡಿದವರನ್ನೇ ಮತ್ತೆ ಕರೆದೆ. ಅವರು ಎದೆಗೆ ನಾಲ್ಕು ಸಲ ಹೊಡೆದು ನಿಲ್ಲಿಸಿದರು. ಆಮೇಲೆ ಅವನ ಸುತ್ತ ತಿರುಗತೊಡಗಿದರು. ಅವನು ಮುಚ್ಚಳ ಎತ್ತಿದಾಗ ತಾವಾಗಿಯೇ ಮುಂದಕ್ಕೆ ಬಾಗಿ ಕೂತರು. ಪರದೆಗೂ ಅವರ ಮುಖಕ್ಕೂ ಒಂದು ಗೇಣು ಇತ್ತು.

ಕೀಲು_ಮೊಳೆ ಅವರೇ, ಒಂದು ಸಂದೇಹ. ನೀವು ಹೇಳಿದ ಫೋಟೋಗಳನ್ನು ಹುಡುಕುವಾಗ ಕೆಲವು ಕವಚಗಳಲ್ಲಿ ಬಲಭುಜದ್ದು ಚಿಕ್ಕದು, ಎಡಭುಜದ್ದು ದೊಡ್ಡದು ಕಂಡಿತು. ಅದು ತಪ್ಪಾಗಿ ಜೋಡಿಸಿದ್ದೋ, ಹಾಗೇ ಇರುವುದೋ?

ಕೀಲು_ಮೊಳೆ ಬರೆದದ್ದು:

ಹಾಗೇ ಇರುವುದು. ಕುದುರೆ ಮೇಲೆ ಕೂತವನು ಉದ್ದ ಭರ್ಜಿಯನ್ನು ಬಲಗಂಕುಳಲ್ಲಿ ಅದುಮಿ ಹಿಡಿಯಬೇಕು, ಅದಕ್ಕೆ ಆ ಕಡೆಯ ತಗಡನ್ನು ಕತ್ತರಿಸಿ ಜಾಗ ಬಿಟ್ಟಿರುತ್ತಾರೆ. ಎದುರಿನವನ ಏಟು ಜಾಸ್ತಿ ಬೀಳುವುದು ಎಡಗಡೆ, ಹಾಗಾಗಿ ಅದು ದೊಡ್ಡದು. ನಿಮ್ಮವನು ಕುದುರೆ ಹತ್ತುತ್ತಾನಾ ಹೇಳಿ, ಅದಕ್ಕೆ ತಕ್ಕಂತೆ ನನ್ನ ಭುಜದ ಫೈಲ್ ತಿದ್ದಿ ಕಳಿಸುತ್ತೇನೆ.