ನೂರಕ್ಕೆ 132 ಓಟು

ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಭಾನುವಾರ ಬೆಳಿಗ್ಗೆ ಸಾಗರದ ದೊಡ್ಡಪ್ಪ ಒಂದು ಚಿತ್ರ ಕಳಿಸಿದರು. 2024ರಲ್ಲೇ ಓಡಾಡಿದ್ದ ಚಿತ್ರ, ತಿರುಗಿ ಬಂದಿದೆ. ವೆನಿಜುವೆಲಾದ ಅಧ್ಯಕ್ಷ ಚುನಾವಣೆ ಫಲಿತಾಂಶ ತೋರಿಸುವ ಟಿವಿ ಪರದೆ. ಆಗಿನ ಅಧ್ಯಕ್ಷ ಮಡುರೊಗೆ ಶೇಕಡಾ 51.2, ಎದುರಾಳಿ ಗೊನ್ಸಾಲೆಸ್‌ಗೆ 44.2, ಉಳಿದ ಎಂಟು ಜನಕ್ಕೆ ತಲಾ 4.6. ಕೆಳಗೆ ಯಾರೋ ಕೆಂಪು ಅಕ್ಷರದಲ್ಲಿ "ಕೂಡಿ ನೋಡಿ, ನೂರಕ್ಕೆ 132!" ಅಂತ ಬರೆದಿದ್ದರು.

ದೊಡ್ಡಪ್ಪ ತಮ್ಮದೂ ಒಂದು ಮಾತು ಸೇರಿಸಿದ್ದರು. "ತುರ್ತು ಪರಿಸ್ಥಿತಿ ನೋಡಿದವರು ನಾವು. ಆದರೂ 1977ರಲ್ಲಿ ಸೋತವರು ಕುರ್ಚಿ ಬಿಟ್ಟು ಇಳಿದರು. ಸೋಲು ಒಪ್ಪಿಕೊಳ್ಳುವುದನ್ನು ಈಗಿನವರು ಕಲಿಯಬೇಕು."

ಬೆಂಗಳೂರಿನಿಂದ ಗಿರಿ ಹತ್ತು ನಿಮಿಷಕ್ಕೇ ಉತ್ತರ ಹಾಕಿದ. "ದೊಡ್ಡಪ್ಪ, ಇದರ ಮೂಲ ಎಲ್ಲಿದೆ? ಆ 4.6 ಎಂಟೂ ಜನಕ್ಕೆ ಸೇರಿ. ಟಿವಿಯವರು ಒಬ್ಬೊಬ್ಬರ ಮುಂದೂ ಅದೇ ಅಂಕಿ ಹಾಕಿದ್ದಾರೆ. ಪೂರ್ತಿ ಸುಳ್ಳು ಸುದ್ದಿ."

"ಅಂದ್ರೆ ನಾನು ಸುಳ್ಳು ಹೇಳ್ತೀನಾ?"

"ನಿಮಗೆ ಹೇಳಿದ್ದಲ್ಲ, ಚಿತ್ರಕ್ಕೆ ಹೇಳಿದ್ದು."

ಅಷ್ಟರಲ್ಲಿ ತೀರ್ಥಹಳ್ಳಿಯ ಸೀನ ಬಂದ. "ಸೋಲು ಒಪ್ಪಿಕೊಳ್ಳಬೇಕಾ? ಸೊಸೈಟಿ ಚುನಾವಣೆಯಲ್ಲಿ ಮೂರು ಓಟಿನಿಂದ ಸೋತೆ. ಇನ್ನೊಂದು ಸಲ ಎಣಿಸಿ ಅಂದಿದ್ದಕ್ಕೆ ಜಗಳಗಂಟ ಅಂದವರು ನೀವೇ ಅಲ್ವಾ ದೊಡ್ಡಪ್ಪ?"

ಅಲ್ಲಿಗೆ ವೆನಿಜುವೆಲಾ ಮುಗಿಯಿತು. ಅವತ್ತು ಯಾರ ಜೀಪಿನಲ್ಲಿ ಯಾರು ಹೋದರು, ಯಾರು ಊಟಕ್ಕೆ ನಿಲ್ಲಲಿಲ್ಲ, ಎಲ್ಲ ಹೊರಗೆ ಬಂತು. ಕೊಪ್ಪದ ಚಿಕ್ಕಿ ಸಮಾಧಾನ ಮಾಡಲು 1978ರ ಚಿಕ್ಕಮಗಳೂರು ಉಪಚುನಾವಣೆಯ ಕಥೆ ತೆಗೆದರು. ಇಂದಿರಾ ಗಾಂಧಿಯನ್ನು ನೋಡಲು ಅಜ್ಜಿ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಹೋದದ್ದು, ವಾಪಸ್ ಬರುವಾಗ ಹಳ್ಳ ತುಂಬಿದ್ದು. ಅದಾದ ಮೇಲೆ ಅಜ್ಜಿಯ ಪತ್ರೊಡೆ.

ನನಗೆ ತಡೆಯಲಾಗಲಿಲ್ಲ. ರಾತ್ರಿ ಕೂತು ಉದ್ದಕ್ಕೆ ಬರೆದೆ.

"ಗಿರಿ, ಚಿತ್ರದ ಲೆಕ್ಕ ತಪ್ಪು, ನೀನು ಹೇಳಿದ್ದು ಸರಿ. ಆದರೆ ಚಿತ್ರ ತಪ್ಪು ಅಂದಮಾತ್ರಕ್ಕೆ ಚುನಾವಣೆ ಸರಿಯಾಗಿತ್ತು ಅಂತ ಆಗಲಿಲ್ಲ. ಅಲ್ಲಿ ಮತದಾನ ಮುಗಿದ ಮೇಲೆ ಯಂತ್ರವೇ ಆ ಮತಗಟ್ಟೆಯ ಲೆಕ್ಕ ಮುದ್ರಿಸುತ್ತದೆ. ಅಂಗಡಿ ಬಿಲ್ಲಿನ ಹಾಗೆ ಉದ್ದನೆಯ ಚೀಟಿ, ಯಾರಿಗೆ ಎಷ್ಟು ಓಟು ಅಂತ ಅದರಲ್ಲೇ ಇರುತ್ತದೆ. ಪಕ್ಷಗಳ ಏಜೆಂಟರಿಗೂ ಪ್ರತಿ ಸಿಗಬೇಕು. 2024ರ ಜುಲೈ 28ರಂದು ಎದುರು ಪಕ್ಷದವರು ಆ ಚೀಟಿಗಳನ್ನು ಹಿಡಿದುಕೊಂಡೇ ಹೊರಗೆ ಬಂದರು. ನೂರಕ್ಕೆ 80ಕ್ಕಿಂತ ಜಾಸ್ತಿ ಮತಗಟ್ಟೆಗಳದ್ದು ಸೇರಿಸಿ, ಎಲ್ಲರೂ ನೋಡಲಿ ಅಂತ ಇಂಟರ್ನೆಟ್‌ಗೆ ಹಾಕಿದರು. ಆ ಲೆಕ್ಕದಲ್ಲಿ ಗೊನ್ಸಾಲೆಸ್‌ಗೆ ಸುಮಾರು 67, ಮಡುರೊಗೆ ಸುಮಾರು 30. ಚುನಾವಣಾ ಮಂಡಳಿ ಮಾತ್ರ ತನ್ನ ಮತಗಟ್ಟೆವಾರು ಲೆಕ್ಕವನ್ನು ಹೊರಗೆ ಬಿಡಲೇ ಇಲ್ಲ. ವೀಕ್ಷಣೆಗೆ ಹೋಗಿದ್ದ ಅಮೆರಿಕದ ಕಾರ್ಟರ್ ಸೆಂಟರ್ ಸಂಸ್ಥೆ ಇದನ್ನು ಪ್ರಜಾಸತ್ತಾತ್ಮಕ ಚುನಾವಣೆ ಎನ್ನಲಾಗದು ಅಂದಿತು. ಗೊನ್ಸಾಲೆಸ್ ದೇಶ ಬಿಟ್ಟು ಸ್ಪೇನ್‌ಗೆ ಹೋಗಬೇಕಾಯಿತು. 2025ರ ಜನವರಿ 10ರಂದು ಮಡುರೊ ಮತ್ತೆ ಪ್ರಮಾಣವಚನ ತೆಗೆದುಕೊಂಡರು. ಇಷ್ಟು ದೊಡ್ಡ ವಿಷಯ ಬಿಟ್ಟು ಆ ತಪ್ಪು ಚಿತ್ರ ಹಿಡಿದು ಕೂತಿದ್ದೇವಲ್ಲ, ನನಗೆ ಸಂಕಟ ಆಗುತ್ತದೆ.

2009ರ ಲೋಕಸಭಾ ಚುನಾವಣೆಗೆ ಹೊಸನಗರ ಕಡೆಯ ಒಂದು ಶಾಲೆಯಲ್ಲಿ ನಾನು ಮತಗಟ್ಟೆ ಅಧಿಕಾರಿ. ಸಂಜೆ ಯಂತ್ರ ಮುಚ್ಚಿದ ಕೂಡಲೇ ಒಬ್ಬ ಏಜೆಂಟ್ ಹುಡುಗ ಚಪ್ಪಲಿ ಮೆಟ್ಟಿ ಹೊರಟಿದ್ದ. ಕೊನೆ ಬಸ್ಸು ತಪ್ಪುತ್ತದೆ ಅಂದ. ತಡಿ ಅಂತ ಕೂರಿಸಿದೆ. 17ಸಿ ಫಾರಂನಲ್ಲಿ ಒಟ್ಟು ಬಿದ್ದ ಓಟು ಬರೆದು, ಸಹಿ ಮಾಡಿ, ಅವನ ಪ್ರತಿ ಅವನ ಕೈಗೆ ಕೊಟ್ಟೆ. ನಮ್ಮ ಆ ಹಾಳೆಯಲ್ಲಿ ಯಾರಿಗೆ ಎಷ್ಟು ಅಂತ ಇರುವುದಿಲ್ಲ, ಒಟ್ಟು ಮಾತ್ರ. ಆದರೂ ಎಣಿಕೆ ದಿನ ಆ ಒಟ್ಟು ತಾಳೆಯಾಗದಿದ್ದರೆ ಕೇಳಲು ಅವನ ಹತ್ತಿರ ಕಾಗದ ಇದೆ. ಅವನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಇಟ್ಟುಕೊಂಡು ಕತ್ತಲಲ್ಲಿ ಗುಡ್ಡ ಇಳಿದು ಹೋದ. ಬಸ್ಸು ತಪ್ಪಿತ್ತು. ವೆನಿಜುವೆಲಾದ ಸುದ್ದಿ ಓದುವಾಗ ನನಗೆ ಆ ಹುಡುಗನ ಜೇಬೇ ಕಣ್ಣಿಗೆ ಬರುತ್ತದೆ."

ದೊಡ್ಡಪ್ಪ ಕೈಮುಗಿಯುವ ಚಿಹ್ನೆ ಹಾಕಿ, "ನಾನೂ ಅದನ್ನೇ ಹೇಳಿದ್ದು" ಅಂದರು. ಗಿರಿ, "ನಾನು ಚಿತ್ರದ ಬಗ್ಗೆ ಮಾತ್ರ ಹೇಳಿದ್ದು ಅಕ್ಕ" ಅಂದ. ಚಿಕ್ಕಿ ಬೆಳಿಗ್ಗೆ ಕೆಸುವಿನ ಎಲೆಯ ಫೋಟೋ ಹಾಕಿದರು.

ಸೀನ ಗುಂಪಿನಲ್ಲಿ ಏನೂ ಬರೆಯಲಿಲ್ಲ. ಮಧ್ಯಾಹ್ನ ನನಗೊಬ್ಬಳಿಗೇ ಕಳಿಸಿದ. "ಅಕ್ಕ, ಸೊಸೈಟಿಯವರು ಅವತ್ತು ಎಣಿಸಿ ಬರೆದುಕೊಂಡ ಹಾಳೆ ಈಗಲೂ ಇಟ್ಟಿರುತ್ತಾರಾ? ನಾನು ಗೆಲ್ಲಬೇಕು ಅಂತಲ್ಲ. ಒಂದು ಸಲ ಕಣ್ಣಲ್ಲಿ ನೋಡಬೇಕು."

ನಾಳೆ ಇಬ್ಬರೂ ಹೋಗಿ ಕೇಳೋಣ ಅಂದಿದ್ದೇನೆ.