ಅಪ್‌ಡೇಟ್: ಇಡಿ ತೊಗರಿ ಇಳಿಯುವ ಹಾಪರ್‌ನಲ್ಲಿ ಬೇಳೆ ಕಟ್ಟಿಕೊಳ್ಳುವುದೇಕೆ?

ಕಲಬುರಗಿಯ ದಾಲ್ ಮಿಲ್ಲಿನ ಹಾಪರ್‌ನಲ್ಲಿ (ಕಾಳು ತುಂಬಿ ಕೆಳಗಿನ ಬಾಯಿಯಿಂದ ಇಳಿಸುವ, ನಾಲ್ಕು ತಗಡಿನ ಆಲಿಕೆ) ಇಡಿ ತೊಗರಿ ಸರಾಗ ಇಳಿಯುತ್ತದೆ, ಒಡೆದ ಬೇಳೆ ಮಾತ್ರ ನಿಂತುಬಿಡುತ್ತದೆ, ಯಾಕೆ ಎಂದು ಕೇಳಿದ್ದೆ. ಈಗ ಸರಿಹೋಗಿದೆ. ಮುಖ್ಯ ಕಾರಣ ಆಕಾರವೇ.

ಗುಂಡನೆಯ ಕಾಳು ಉರುಳುತ್ತದೆ. ಬೇಳೆಯ ಒಂದು ಮೈ ಚಪ್ಪಟೆ, ಉರುಳದು, ಜಾರಬೇಕು. ಒಂದಕ್ಕೊಂದು ಆತುಕೊಂಡು ಬಾಯಿಯ ಮೇಲೆ ಕಮಾನು ಕಟ್ಟುತ್ತದೆ. ನೆಲದ ಮೇಲೆ ಸುರಿದು ಅಳೆದರೆ ಕಣ್ಣಿಗೇ ಕಾಣುತ್ತದೆ: ಬುಡ 40 ಸೆಂ.ಮೀ. ಅಗಲವಿದ್ದಾಗ ಇಡಿ ತೊಗರಿಯ ಗುಡ್ಡೆ 10 ಸೆಂ.ಮೀ. ಎತ್ತರ, ಅಂದರೆ ಇಳಿಜಾರು ಸುಮಾರು 27 ಡಿಗ್ರಿ. ಬೇಳೆಯದು 12 ಸೆಂ.ಮೀ., 31 ಡಿಗ್ರಿ. ಹೊಟ್ಟು ಬೆರೆತರೆ ಇನ್ನೂ ಕಡಿದು.

ಗಮನಕ್ಕೆ ಬಾರದೆ ಉಳಿದಿದ್ದು ಮೂಲೆ. ನಾಲ್ಕೂ ತಗಡು 45 ಡಿಗ್ರಿ ಇಳಿಜಾರಿದ್ದರೂ ಎರಡು ತಗಡು ಕೂಡುವ ಮೂಲೆಯ ಗೆರೆ ಬರೀ 35 ಡಿಗ್ರಿ! ಸಿಪ್ಪೆ ಸಡಿಲಿಸಲು ಹಚ್ಚಿದ ಎಣ್ಣೆ, ನೀರಿನ ಪಸೆ ಉಳಿದ ಬೇಳೆ ಅಲ್ಲೇ ಅಂಟುತ್ತಿತ್ತು. ತಗಡನ್ನು 60 ಡಿಗ್ರಿಗೆ ಏರಿಸಿದ ಮೇಲೆ ಮೂಲೆ 51 ಆಯಿತು. ಒಳಗಿನಿಂದ ಪಟ್ಟಿ ಬೆಸೆದು ದುಂಡಗೆ ಮಾಡಿಸಿದ್ದೂ ಆಯಿತು. ಬಾಯಿ 40 ಮಿ.ಮೀ.ನಿಂದ 80ಕ್ಕೆ. ಹೊಟ್ಟನ್ನು ಹಾಪರ್‌ಗೆ ಮೊದಲೇ ಫ್ಯಾನ್ ಎಳೆದುಕೊಳ್ಳುತ್ತದೆ.

ಮೇಲಿಂದ ಇನ್ನಷ್ಟು ತುಂಬಿದರೆ ಭಾರಕ್ಕೆ ಇಳಿಯದು. ಭಾರದ ಬಹುಪಾಲನ್ನು ಗೋಡೆಯೇ ಹೊರುತ್ತದೆ. ಗೇಟ್ ಮುಚ್ಚಿರುವಾಗ ಸುತ್ತಿಗೆಯಿಂದ ಬಡಿಯಲೇಬೇಡಿ, ಬೇಳೆ ಒತ್ತಾಗಿ ಕೂತು ಇನ್ನೂ ಬಿಗಿಯುತ್ತದೆ.