ಮಬ್ಬು, ಮಂಕು, ಮಸುಕು, ಮಾಸಲು: ಕಪ್ಪುಬಿಳುಪು ಚಿತ್ರ ತಿದ್ದುವಾಗ ಯಾವ ಪದ ಎಲ್ಲಿಗೆ?

ಪ್ರಶ್ನೆ:

ಇಕ್ಕೇರಿಯ ಅಘೋರೇಶ್ವರ, ಬಳ್ಳಿಗಾವಿಯ ಕೇದಾರೇಶ್ವರ, ಬಿದನೂರು ನಗರದ ದೇವಗಂಗೆ ಕೊಳ, ಶಿವಮೊಗ್ಗದ ಶಿವಪ್ಪನಾಯಕನ ಅರಮನೆ ಅಂಗಳದ ವೀರಗಲ್ಲುಗಳು. ಇಂಥ ಜಾಗಗಳ ಕಪ್ಪುಬಿಳುಪು ಫೋಟೊ ತಿದ್ದುವ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಕರಡಿನಲ್ಲಿ ನಾಲ್ಕೈದು ಬೇರೆ ಬೇರೆ ದೋಷಗಳಿಗೂ ‘ಮಸುಕು’ ಅನ್ನುವ ಒಂದೇ ಪದ ಬಿದ್ದಿದೆ. ‘ಮಸುಕಾದ ಚಿತ್ರಕ್ಕೆ ಶಾರ್ಪ್‌ನೆಸ್ ಏರಿಸಿ’ ಎಂಬ ಸಾಲನ್ನು ಓದಿದವರು ಅದನ್ನು ಹಳೇ ಪ್ರಿಂಟಿಗೂ ಹಚ್ಚಿದ್ದಾರೆ. ಕಾಗದದ ನಾರು, ಗೀರು, ದೂಳು ಎಲ್ಲ ಎದ್ದು ಕೂತವು, ಕಂಬ ಮಾತ್ರ ಇದ್ದ ಹಾಗೇ ಇತ್ತು. ಇನ್ನೊಂದು ವಿಷಯ: ಚಿತ್ರದ ಒಂದು ಭಾಗವನ್ನಷ್ಟೇ ತಿಳಿ ಮಾಡುವ ಡಾಡ್ಜ್, ಕಡು ಮಾಡುವ ಬರ್ನ್ ಎರಡಕ್ಕೆ ‘ತಪ್ಪಿಸು’, ‘ಸುಡು’ ಎಂದು ಬರೆದಿದೆ. ಇದಕ್ಕಿಂತ ಒಳ್ಳೆಯ ಪದ ಇದೆಯೇ?

ಉತ್ತರ 1:

ಹೊಸ ಪದ ಕಟ್ಟುವುದು ಬೇಡ. ಈ ಪದಗಳು ಮನೆಮಾತಿನಲ್ಲಿ ಆಗಲೇ ಕೆಲಸ ಹಂಚಿಕೊಂಡಿವೆ, ಕೈಪಿಡಿಯಲ್ಲಿ ಮಾತ್ರ ಕಲಸಿಹೋಗಿವೆ.

ಮಬ್ಬು ಬೆಳಕಿನ ಮಾತು. ಮಬ್ಬುಗತ್ತಲೆ, ಮೋಡದ ಮಬ್ಬು ಅನ್ನುತ್ತೇವಲ್ಲ, ಅದು. ಆಷಾಢದ ಮಧ್ಯಾಹ್ನ ತೆಗೆದ ಕೊಳದ ಚಿತ್ರದಲ್ಲಿ ಹಿಸ್ಟೋಗ್ರಾಮ್ (ಎಡದ ಕಪ್ಪಿನಿಂದ ಬಲದ ಬಿಳಿಯವರೆಗೆ ಯಾವ ಛಾಯೆ ಎಷ್ಟಿದೆ ಎಂದು ತೋರುವ ನಕ್ಷೆ) ಎಡಕ್ಕೆ ಒತ್ತಿಕೊಂಡಿದ್ದರೆ ಎಕ್ಸ್‌ಪೋಷರ್ ಅರ್ಧದಿಂದ ಒಂದು ಸ್ಟಾಪ್ (ಬೆಳಕು ಇಮ್ಮಡಿಯಾಗುವ ಒಂದು ಹಂತ) ಏರಿಸಿ ನೋಡಿ, ಸಾಕು.

ಮಂಕಿನಲ್ಲಿ ಬೆಳಕು ಇರುತ್ತದೆ, ಕಳೆ ಇರುವುದಿಲ್ಲ. ಮಂಕು ಬಡಿದ ಮುಖ ಅಂದಾಗ ಮುಖ ಕಾಣುವುದಿಲ್ಲ ಅಂತೇನೂ ಅಲ್ಲವಲ್ಲ. ಕಡುಗಪ್ಪಿನ 0ಯಿಂದ ಅಚ್ಚಬಿಳಿಯ 255ರ ಅಳತೆಯಲ್ಲಿ ಇಡೀ ಚಿತ್ರ 60ರಿಂದ 190ರೊಳಗೆ ಗುಡ್ಡೆ ಬಿದ್ದಿರುತ್ತದೆ. ಲೆವೆಲ್ಸ್‌ನಲ್ಲಿ ಕಪ್ಪಿನ ತುದಿಯನ್ನು 60ಕ್ಕೂ ಬಿಳಿಯ ತುದಿಯನ್ನು 190ಕ್ಕೂ ತಂದು, ಫಲಿತ ಚಿತ್ರದ ತುದಿಗಳನ್ನು, ಅಂದರೆ ಔಟ್‌ಪುಟ್ ಅನ್ನು, 8 ಮತ್ತು 247ರ ಸುಮಾರಿಗೆ ನಿಲ್ಲಿಸಿ. ಪೂರ್ತಿ 0ಗೆ ಇಳಿಸಿದರೆ ಅಚ್ಚಿನಲ್ಲಿ ಗರ್ಭಗುಡಿಯ ಬಾಗಿಲು ಒಂದೇ ಕಪ್ಪು ಮುದ್ದೆ. ಇದನ್ನು ಬರೀ 256 ಮೆಟ್ಟಿಲಿನ 8 ಬಿಟ್ ಕಡತದಲ್ಲಿ ಮಾಡಬೇಡಿ. ಇರುವ 130 ಮೆಟ್ಟಿಲುಗಳನ್ನೇ 240ಕ್ಕೆ ಎಳೆದಂತಾಗಿ ನಡುನಡುವೆ ಖಾಲಿ ಬೀಳುತ್ತದೆ, ಆಕಾಶದಲ್ಲಿ ಪಟ್ಟೆ ಪಟ್ಟೆ ಕಾಣುತ್ತದೆ. ಸಾವಿರಾರು ಮೆಟ್ಟಿಲಿನ 16 ಬಿಟ್‌ನಲ್ಲಿ ಈ ತೊಂದರೆ ಇಲ್ಲ.

ಮಲೆನಾಡಿನ ಚಿತ್ರಗಳಲ್ಲಿ ಮಂಕಿಗೆ ಇನ್ನೊಂದು ಕಾರಣವಿದೆ, ಕೈಪಿಡಿಯಲ್ಲಿ ಅದಕ್ಕೊಂದು ಪುಟ ಕೊಟ್ಟರೂ ತಪ್ಪಲ್ಲ. ಇಕ್ಕೇರಿಯದು ಬೂದು ಕಲ್ಲು. ಮಳೆಗಾಲದಲ್ಲಿ ಅದರ ಮೇಲೆ ಹಸಿರು ಪಾಚಿ, ಬಿಳಿಚು ಕಲ್ಲುಹೂವು. ಕಣ್ಣಿಗೆ ಬೂದು ಬೇರೆ, ಹಸಿರು ಬೇರೆ. ಆದರೆ ಎರಡರ ಹೊಳಪು ಹತ್ತಿರ ಹತ್ತಿರ ಇರುವುದರಿಂದ ಬಣ್ಣ ತೆಗೆದ ಕೂಡಲೇ ಒಂದೇ ಆಗಿ, ಕೆತ್ತನೆಯ ಅಂಚು ಪಾಚಿಯಲ್ಲಿ ಮುಳುಗುತ್ತದೆ. ಆಮೇಲೆ ಎಷ್ಟು ಕಾಂಟ್ರಾಸ್ಟ್ ಏರಿಸಿದರೂ ಎರಡೂ ಜೊತೆಯಾಗೇ ಏರುತ್ತವೆ. ಹಾಗಾಗಿ ಗ್ರೇಸ್ಕೇಲ್‌ಗೆ ಬದಲಿಸುವ ಮೊದಲೇ, ಬಣ್ಣದ ಕಡತದ ಮೇಲೆ ಬ್ಲ್ಯಾಕ್ ಅಂಡ್ ವೈಟ್ ಲೇಯರ್ (ಒಂದೊಂದು ಬಣ್ಣ ಎಷ್ಟು ತಿಳಿ ಅಥವಾ ಕಡು ಬೂದಾಗಬೇಕೆಂದು ಹೊಂದಿಸುವ ಪದರ) ಹಾಕಿ ಹಸಿರನ್ನು 15–20ರಷ್ಟು ಇಳಿಸಿ. ಪಾಚಿ ಕೆಳಗೆ ಹೋಗಿ ಕಲ್ಲು ಮೇಲೆ ಬರುತ್ತದೆ. ಬಳ್ಳಿಗಾವಿಯಲ್ಲಿ ದೇವಾಲಯದ ಸುತ್ತ ಹುಲ್ಲುಹಾಸು ಇರುವ ಚಿತ್ರಕ್ಕೆ ಇದು ತಿರುಗುಮುರುಗು: ಹುಲ್ಲನ್ನು ತಿಳಿ ಮಾಡಬೇಕು, ಆದರೆ ಅದು ಹಸಿರು ಸ್ಲೈಡರಿಗಿಂತ ಹಳದಿಗೇ ಹೆಚ್ಚು ಜಗ್ಗುತ್ತದೆ. ಜಂಬಿಟ್ಟಿಗೆ ಗೋಡೆಗೆ ಕೆಂಪು, ಕಿತ್ತಳೆ ಸ್ವಲ್ಪ ಏರಿಸಿ. ನೀಲಿಯನ್ನು ತೀರಾ ಕೆಳಗೆಳೆದು ಆಕಾಶ ಕಪ್ಪು ಮಾಡಹೊರಟರೆ ಶಿಖರದ ಅಂಚಿಗೆ ಬಿಳಿ ಗೆರೆ ಏಳುತ್ತದೆ.

ಮಸುಕು ಅಂಚಿಗೆ ಸೇರಿದ್ದು. ಫೋಕಸ್ ತಪ್ಪಿದ್ದು, ಕೈ ನಡುಗಿದ್ದು ಇವಿಷ್ಟೇ ಮಸುಕು. ಶಾರ್ಪನಿಂಗ್ ಈ ಒಂದು ಪದದ ಜೊತೆಗೆ ಮಾತ್ರ ಬರಲಿ, ಅದೂ 1 ಪಿಕ್ಸೆಲ್ ರೇಡಿಯಸ್ (ಅಂಚಿನ ಸುತ್ತ ಪರಿಣಾಮ ಹರಡುವ ಅಗಲ) ಮೀರದೆ. ಕಲ್ಲುಹೂವು ಹತ್ತಿದ ಕಂಬಕ್ಕೆ ಅದಕ್ಕಿಂತ ಹೆಚ್ಚು ಹಾಕಿದರೆ ಕಂಬದ ಮೇಲೆ ರವೆ ಎರಚಿದಂತೆ ಕಾಣುತ್ತದೆ.

ಮಾಸು ಕಾಲದ ಮಾತು: ಮಾಸಿದ ಬಟ್ಟೆ, ಮಾಸದ ನೆನಪು. ಹಳೇ ಬೆಳ್ಳಿ ಪ್ರಿಂಟ್ ಹಳದಿಗೆ ತಿರುಗಿದ್ದರೆ ಅದು ಮಾಸಲು. ಕಪ್ಪುಬಿಳುಪೇ ಆದರೂ ಬಣ್ಣದಲ್ಲಿ, 16 ಬಿಟ್‌ನಲ್ಲಿ ಸ್ಕ್ಯಾನ್ ಮಾಡಿ. 5×7 ಇಂಚಿನದಕ್ಕೆ 600 ಪಿಪಿಐ (ಇಂಚಿಗೆ ಇಷ್ಟು ಪಿಕ್ಸೆಲ್) ಇಟ್ಟರೆ 3000×4200 ಪಿಕ್ಸೆಲ್ ಸಿಗುತ್ತದೆ. ಆಮೇಲೆ ಕೆಂಪು, ಹಸಿರು, ನೀಲಿ ಬೆಳಕಿನ ಮೂರು ಚಾನೆಲ್ ಬೇರೆ ಬೇರೆ ತೆರೆದು ನೋಡಿ. ಹಳದಿಗಟ್ಟಿದ ಬಿಂಬ ನೀಲಿ ಬೆಳಕನ್ನು ಹೀರುವುದರಿಂದ ನೀಲಿ ಚಾನೆಲ್‌ನಲ್ಲಿ ಅದು ಗಟ್ಟಿಯಾಗಿ ಕಾಣುತ್ತದೆ. ಆದರೆ ದೋಷ ಹಳದಿ ಕಲೆಯಾಗಿದ್ದರೆ ಕೆಂಪು ಚಾನೆಲ್ ಆರಿಸಿ, ಅಲ್ಲಿ ಕಲೆ ಬಹುಪಾಲು ಅಡಗುತ್ತದೆ. ಮಾಸಿದ್ದು, ಕಲೆಯಾದದ್ದು ಎರಡನ್ನೂ ಬೇರೆ ಹೆಸರಿನಿಂದ ಕರೆಯಲೇಬೇಕು ಅನ್ನುವುದು ಇದಕ್ಕೇ.

ದೂರದ ಕಾಡು ಬೆಳ್ಳಗೆ ತೇಲಿದಂತಿದ್ದರೆ ಅದಕ್ಕೆ ‘ಮುಸುಕು’ ಒಪ್ಪುತ್ತದೆ.

ಉತ್ತರ 2:

ಮೇಲಿನದೆಲ್ಲ ಒಪ್ಪಿಗೆ, ಕೊನೆಯ ಸಾಲು ಬಿಟ್ಟು. ಮಸುಕು, ಮುಸುಕು ಒಂದೇ ಪುಟದಲ್ಲಿ ಬಂದರೆ ಅಚ್ಚಿನವರು ಒಂದನ್ನು ತಪ್ಪೆಂದು ತಿದ್ದಿಬಿಡುತ್ತಾರೆ. ಅಲ್ಲದೆ ತಿದ್ದುಪಡಿ ಎಲ್ಲಿ ತಾಗಬೇಕು, ಎಲ್ಲಿ ಬೇಡ ಎಂದು ಮರೆಮಾಡುವ ಲೇಯರ್ ಮಾಸ್ಕಿಗೆ ‘ಮುಸುಕು’ ಬಹಳ ಚೆನ್ನಾಗಿ ಒಪ್ಪುತ್ತದೆ, ಅದನ್ನು ಅಲ್ಲಿಗೇ ಮೀಸಲಿಡಿ. ದೂರದ ಬಿಳುಪಿಗೆ ಸುಮ್ಮನೆ ‘ಮಂಜು’ ಅಂದರೆ ಆಯಿತು. ಕಣ್ಣು ಮಂಜಾಯಿತು ಅನ್ನುವ ಬಳಕೆ ಇದ್ದೇ ಇದೆ. ಮಂಜು ಪೂರ್ತಿ ತೆಗೆಯುವುದೂ ಬೇಡ. ಮಂಜು ತೆಗೆಯುವ ಡಿಹೇಜ್ ಸ್ಲೈಡರ್ 15–20 ದಾಟಿದರೆ ಮರಗಳ ನೆರಳು ಹೂತುಹೋಗಿ, ಹಿಂದಿನ ಗುಡ್ಡ ದೇವಾಲಯದ ಬೆನ್ನಿಗೆ ಅಂಟಿದಂತೆ ಕಾಣುತ್ತದೆ.

ಡಾಡ್ಜ್, ಬರ್ನ್ ಬಂದದ್ದು ಡಾರ್ಕ್‌ರೂಮಿನಿಂದ. ನೆಗೆಟಿವ್‌ನಿಂದ ಪ್ರಿಂಟ್ ಮಾಡುವಾಗ ಕಾಗದಕ್ಕೆ ಬೆಳಕು ಬಿದ್ದಷ್ಟೂ ಅದು ಕಪ್ಪಾಗುತ್ತದೆ. 20 ಸೆಕೆಂಡಿನ ಎಕ್ಸ್‌ಪೋಷರಿನಲ್ಲಿ 4 ಸೆಕೆಂಡು ಮಂಟಪದ ಒಳಗಿಗೆ ರಟ್ಟು ಅಡ್ಡ ಹಿಡಿದರೆ ಅದು ತಿಳಿಯಾಗುತ್ತದೆ. ಆಮೇಲೆ ತೂತಿನ ರಟ್ಟು ಹಿಡಿದು ಆಕಾಶಕ್ಕೆ ಇನ್ನೂ 8 ಸೆಕೆಂಡು ಕೊಟ್ಟರೆ ಅದು ಕಡುವಾಗುತ್ತದೆ. ರಟ್ಟನ್ನು ಆಡಿಸುತ್ತಲೇ ಇರಬೇಕು, ನಿಲ್ಲಿಸಿದರೆ ಅದರ ಗೆರೆ ಮೂಡುತ್ತದೆ. ಇಲ್ಲಿಗೆ ‘ಬೆಳಕು ತಡೆ’, ‘ಬೆಳಕು ಉಣಿಸು’ ಸರಿ. ಕಂಪ್ಯೂಟರಿನಲ್ಲಿ ತಡೆಯುವುದಕ್ಕೆ ಬೆಳಕೇ ಇಲ್ಲ, ಹಾಗಾಗಿ ಫಲದಿಂದಲೇ ಕರೆಯಿರಿ: ತಿಳಿಗೊಳಿಸು, ಕಡುಗೊಳಿಸು. ತಿಳಿಹಸಿರು, ಕಡುಹಸಿರು ಗೊತ್ತಿದ್ದವರಿಗೆ ವಿವರಣೆಯೇ ಬೇಕಿಲ್ಲ. ಮೆತ್ತನೆಯ ಬ್ರಷ್, ಟೂಲಿನ ಎಕ್ಸ್‌ಪೋಷರ್ (ಅಂದರೆ ಅದರ ಬಲ) 5ರಿಂದ 10 ಶೇಕಡಾ, ಮೂರು ನಾಲ್ಕು ಸಲ ಸವರಿ.

‘ಸುಡು’ ಮಾತ್ರ ಖಂಡಿತ ಬೇಡ. ಸ್ಟುಡಿಯೊದವರು ‘ಆಕಾಶ ಬರ್ನ್ ಆಗಿದೆ’ ಅಂದರೆ ವಿವರ ಅಳಿಸಿ ಬರೀ ಬಿಳಿ ಉಳಿದಿದೆ ಎಂದರ್ಥ. ಬರ್ನ್ ಟೂಲ್ ಮಾಡುವುದು ಅದರ ಉಲ್ಟಾ.